ಅತ್ತೆಯ ನಾಲಿಗೆಗೆ ಸಿಕ್ಕಿದ ಹಸಿರು ಚಕ್ಕುಲಿ

ಮದುವೆಯಾಗಿ ಕೋಟೇಶ್ವರಕ್ಕೆ ಬಂದ ಮೇಲೆ ನಾನು ಪೌಷ್ಟಿಕ ಆಹಾರ ವಿಜ್ಞಾನ ಓದಲು ಹೊರಟೆ. ಎರಡು ಸಾವಿರದ ಇಸವಿ ಕಳೆದ ಹೊಸತು. ವಿಶ್ವವಿದ್ಯಾಲಯದ ಪಾಠ ಅಂಚೆಯಲ್ಲಿ ಬರುತ್ತಿತ್ತು, ಭಾನುವಾರ ಬ್ರಹ್ಮಾವರದಲ್ಲಿ ತರಗತಿ. ಅತ್ತೆಯ ಅಡ್ಡಿಯೇನೂ ಇರಲಿಲ್ಲ. "ಅನ್ನ ಉಂಬುಕೂ ಯುನಿವರ್ಸಿಟಿ ಬೇಕಾ ಮಗಾ?" ಎಂದು ಒಮ್ಮೆ ಕೇಳಿ, ನನ್ನ ಪುಸ್ತಕದ ಹೊದಿಕೆಯ ಪಪ್ಪಾಯಿ ಹಣ್ಣಿನ ಚಿತ್ರವನ್ನು ಸೆರಗಿನಿಂದ ಒರೆಸಿದರು. ಕಪ್ಪು ಬೀಜಗಳನ್ನು ಇರುವೆ ಅಂದುಕೊಂಡಿದ್ದರು.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಪೌಷ್ಟಿಕವಾದ ಒಂದು ತಿಂಡಿ ತಯಾರಿಸಿ, ಜನರಿಗೆ ತಿನ್ನಿಸಿ, ಅವರಿಂದ ಅಂಕ ಹಾಕಿಸಿ ತರುವುದು. ನಾನು ನುಗ್ಗೆಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಚಕ್ಕುಲಿ ಹಿಟ್ಟಿಗೆ ಬೆರೆಸಿದೆ. ಕಬ್ಬಿಣದ ಅಂಶ ಹೆಚ್ಚಲಿ ಎಂದು. ಮೂರು ಬಗೆ: ಪುಡಿ ಸ್ವಲ್ಪ ಹಾಕಿದ್ದು, ಮಧ್ಯಮ, ಮತ್ತು ಧಾರಾಳ. ಮೊದಲನೆಯದು ನೋಡಲು ಚಕ್ಕುಲಿಯ ಹಾಗೇ ಇತ್ತು. ಎರಡನೆಯದು ಗಿಳಿಹಸಿರು. ಮೂರನೆಯದಕ್ಕೆ ಮಳೆಗಾಲದಲ್ಲಿ ಕೆರೆಯ ಮೆಟ್ಟಿಲಿಗೆ ಬರುವ ಬಣ್ಣ ಬಂದಿತ್ತು.

ನಮ್ಮ ಮೇಡಂ ನಿಯಮದಲ್ಲಿ ಬಲು ಕಟ್ಟುನಿಟ್ಟು. ಯಾವುದರಲ್ಲಿ ಎಷ್ಟು ಪುಡಿ ಇದೆ ಎಂದು ತಿನ್ನುವವರಿಗೆ ಗೊತ್ತಾಗಬಾರದು, ತಟ್ಟೆಯ ಮೇಲೆ ಬರೀ ಒಂದು ನಂಬರು. ಒಂದು ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿಯೇ ಇನ್ನೊಂದು. ಮುಖ್ಯವಾಗಿ, ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ. ಅಂಕದ ಕಾಗದದಲ್ಲಿ ಒಂಬತ್ತು ಮುಖಗಳಿದ್ದವು. ಮೊದಲನೆಯದು ಬಾಯಿ ತುಂಬ ನಗುವ ಮುಖ, ಕೊನೆಯದು ಅಳುವ ಮುಖ. ಎಂಟಾಣೆ ನಾಣ್ಯವಿಟ್ಟು ಅಷ್ಟೂ ಮುಖಗಳನ್ನು ನಾನೇ ಬರೆದಿದ್ದೆ.

ಆ ದಿನ ನಮ್ಮ ಜಗಲಿಯಲ್ಲಿ ಓಣಿಯ ಹತ್ತು ಹನ್ನೆರಡು ಮಂದಿ ಸೇರಿದರು. ಅತ್ತೆ, ಮಾವ, ಪಕ್ಕದ ಮನೆಯ ಅಕ್ಕ, ಎದುರು ಮನೆಯ ನಿವೃತ್ತ ಮಾಷ್ಟ್ರು ಮೊದಲಾದವರು. ಮಾತು ನಿಲ್ಲಿಸಲು ಬೇರೆ ದಾರಿ ಕಾಣದೆ ಎಲ್ಲರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದೆ. ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸು ಗೇಟಿನಲ್ಲೇ ನಿಂತಳು.

"ಹ್ವಾಯ್, ಎಂತ ಆಯ್ತೇ ಇವ್ರಿಗೆಲ್ಲ?"

"ಪರೀಕ್ಷೆ," ಎಂದೆ.

"ಪಾಪ," ಎಂದು ಅವಳು ಮುಂದೆ ಹೋದಳು.

ಎಲ್ಲರೂ ಹೋದ ಮೇಲೆ ಕಾಗದಗಳನ್ನು ನೋಡಿದರೆ, ಎಲ್ಲರೂ ಎಲ್ಲದಕ್ಕೂ ನಗುವ ಮುಖಕ್ಕೇ ಗುರುತು ಹಾಕಿದ್ದರು! ಬಾಯಿಗಿಟ್ಟರೆ ಕಿವಿಯವರೆಗೆ ಕಹಿ ಹತ್ತುವ ಆ ಮೂರನೆಯದಕ್ಕೂ. ಮಾಷ್ಟ್ರು ಮಾತ್ರ ಮೂರಕ್ಕೂ ಅಳುವ ಮುಖ ಗುರುತಿಸಿದ್ದರು. ನನಗೆ ಜೀವ ಬಂದಂತಾಗಿ, ಓಡಿ ಹೋಗಿ ಕಾರಣ ಕೇಳಿದೆ.

"ಚಕ್ಕುಲಿ ಪಷ್ಟ್ ಕ್ಲಾಸ್," ಎಂದರು. "ಆ ಮೊಗ ಕಂಡ್ರೆ ನನ್ನ್ ಕಂಡಂಗೇ ಇತ್ತಲ್ಲೆ. ಅದ್ಕೇ ಹಾಕದ್."

ಭಾನುವಾರ ಮೇಡಂ ಕಾಗದಗಳನ್ನು ಮಗುಚಿ ನೋಡಿ, ಮೂರನೆಯ ಚಕ್ಕುಲಿಯನ್ನು ಮೂಗಿನ ಹತ್ತಿರ ಹಿಡಿದು, "ಇವರಿಗೆಲ್ಲ ನಾಲಿಗೆ ಇಲ್ವಾ?" ಎಂದು ಕೇಳಿದರು.

"ಉಂಟು ಮೇಡಂ. ಮರ್ಯಾದೆ ಜಾಸ್ತಿ."

"ಮೂರೂ ಒಂದೇ ಅಂದ್ರೆ ಪ್ರಾಜೆಕ್ಟೇ ಇಲ್ಲ. ಬರುವ ಭಾನುವಾರ ಕೊನೆ. ಇಲ್ಲದಿದ್ರೆ ಮುಂದಿನ ವರ್ಷ ಜೂನಿಯರ್ಸ್ ಜೊತೆ ಕೂತ್ಕೊಳ್ಳಿ."

ಮನೆಗೆ ಬಂದವಳು ಮುಖ ಸಣ್ಣದು ಮಾಡಿಕೊಂಡು ಅಕ್ಕಿ ಆರಿಸುತ್ತ ಕುಳಿತೆ. ಅತ್ತೆ ವಿಷಯ ಬಿಡಿಸಿ ಬಿಡಿಸಿ ಕೇಳಿದರು.

"ನೀವೂ ನೆಗಾಡು ಮೊಗಕ್ಕೇ ಹಾಕಿದ್ರಿ ಅಲ್ದಾ ಅತ್ತೆ," ಎಂದೆ.

"ಮತ್ತೆಂತ? ಊರೋರ್ ಎದ್ರಿಗೆ ನಮ್ಮನಿ ಸೊಸಿ ತಿಂಡಿ ಕಹಿ ಅಂಬುಕಾತ್ತಾ?"

ಅಡುಗೆಮನೆಯೊಳಗೆ ನನ್ನ ಸಾರಿನ ಉಪ್ಪು, ಹುಳಿ, ಒಗ್ಗರಣೆ ಮೂರಕ್ಕೂ ಪ್ರತಿದಿನ ಬೇರೆ ಬೇರೆ ಷರಾ ಹಾಕುವ ನಾಲಿಗೆ ಅದು. ಹೊಸ್ತಿಲು ದಾಟಿದರೆ ಹೊಗಳಿಕೆ ಬಿಟ್ಟು ಬೇರೆ ಗೊತ್ತಿಲ್ಲ. ಕೊನೆಗೆ ಅವರೇ ಉಪಾಯ ಹೇಳಿದರು, "ನೀ ಮಾಡದ್ದ್ ಅಂದ್ರೆ ಯಾರೂ ಖರೆ ಹೇಳ್ತಿಲ್ಲೆ. ಶಿರೂರ್ ಬದಿ ಹೆಂಗಸ್ ಒಬ್ಳ್ ನಿನ್ನದ್ ಕಂಡ್ ಹಾಂಗೇ ಮಾಡಿ ಮಾರೂಕೆ ತಂದದ್ ಅಂಬ."

ನಾನು ಓದಿದ ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಸಿಸ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಅನುಮಾನಿಸಿದೆ.

"ನೀ ಬಾಯ್ ಬಿಡ್ಬೇಡ, ಪ್ಲೇಟ್ ಇಡ್. ಸುಳ್ಳ್ ನಾ ಹೇಳ್ತೆ."

ಬುಧವಾರ ಮತ್ತೆ ಅದೇ ಮಂದಿ, ಅದೇ ಜಗಲಿ, ಅದೇ ಗೋಡೆ. ಅತ್ತೆ ಶಿರೂರಿನ ಹೆಂಗಸಿನ ಸುದ್ದಿ ಹೇಳಿ ಮುಗಿಸಿದ್ದೇ ತಡ, ನಾಲಿಗೆಗಳ ಬೀಗ ಕಳಚಿತು. ಪಕ್ಕದ ಮನೆಯ ಅಕ್ಕ ಮೂರನೆಯದನ್ನು ಕಚ್ಚಿದವಳೇ, "ಇದೆಂತ, ಚಕ್ಕುಲಿಯಾ, ದನಿನ್ ಮೇವಾ?" ಎಂದಳು. "ಶಿರೂರಗೆ ಎಣ್ಣಿ ಸಿಕ್ತಿಲ್ಯಾ? ಎಂತದ್ರಗೆ ಕರ್ದದ್ ಇದ್?" ಎಂದರು ಮಾಷ್ಟ್ರು. ಮಾವ ಕೆನ್ನೆ ಹಿಡಿದುಕೊಂಡು ಹಲ್ಲು ಎಣಿಸಿಕೊಂಡರು. "ಮಾತಾಡ್ಬೇಡಿ, ಬರೀರಿ, ಬರೀರಿ," ಎಂದು ನಾನು ಅತ್ತಿಂದಿತ್ತ ಓಡಾಡಿದೆ. ಪೆನ್ಸಿಲುಗಳು ಸರಸರ ಓಡಿದವು. ಮಾಷ್ಟ್ರು ಈ ಸಲ ಯಾವ ಮುಖ ಯಾವುದಕ್ಕೆಂದು ನನ್ನಿಂದಲೇ ಕೇಳಿ ತಿಳಿದುಕೊಂಡು ಗುರುತು ಹಾಕಿದರು.

ಎಲ್ಲರನ್ನೂ ಮೀರಿಸಿದವರು ಅತ್ತೆ. ಅವರು ಹೇಳಿದ ಸುಳ್ಳನ್ನು ಅವರೇ ನಂಬಿಬಿಟ್ಟಿದ್ದರು.

"ಕೈಯಗೆ ಹದವೇ ಇಲ್ಲೆ," ಎಂದು ಗೋಡೆಗೆ ಹೇಳತೊಡಗಿದರು. "ಬಿಸಿ ಎಣ್ಣಿ ಹಾಕಿ ಹಿಟ್ಟ್ ಕಲ್ಸುಕೂ ಬತ್ತಿಲ್ಲೆ. ಒತ್ತುವತ್ತಿಗೆ ಇದ್ರ್ ಮನ್ಸ್ ಎಲ್ಲಿತ್ತೋ ಏನೋ, ಸುತ್ತೆಲ್ಲ ತುಂಡ್ ತುಂಡ್. ಅಲ್ಲ, ಆ ಮನಿಯಗೆ ಅತ್ತಿ ಅಂಬೊಳ್ ಒಬ್ಳ್ ಇಲ್ಯಾ, ಹೇಳಿಕೊಡುಕೆ?"

ಮಾವನಿಗೆ ಕೆಮ್ಮು ಬಂತು. ಅತ್ತೆ ತಿರುಗಿ ನನ್ನ ಮುಖ ನೋಡಿ, ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮುಕ್ಕಳಿಸಿದರು.

ಅಂಕಗಳು ಚೆನ್ನಾಗಿಯೇ ಬಂದವು, ಅಂದರೆ ಬೇಕಾದಷ್ಟು ಕೆಟ್ಟದಾಗಿ. ಎರಡನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು, ಮೊದಲನೆಯದಕ್ಕೆ ಅಡ್ಡಿಲ್ಲ ಎನ್ನುವಷ್ಟು, ಮೂರನೆಯದಕ್ಕೆ ಅಳುವೋ ಅಳು. ಆದರೆ ಶನಿವಾರ ಮಾವ ಪೇಟೆಯಲ್ಲಿ ಚಹಾ ಕುಡಿಯುತ್ತ, ಶಿರೂರಿನ ಹೆಂಗಸು ಅಂದರೆ ನಮ್ಮ ಸೊಸೆಯೇ ಎಂದು ನಗಾಡಿಬಿಟ್ಟರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮೊದಲು ಬಂದವಳು ಪಕ್ಕದ ಮನೆಯ ಅಕ್ಕ, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು.

"ಹೆಣ್ಣೆ, ನಂಗೆ ಗೊತ್ತೇ ಇಲ್ಲೆ ಮಾರಾಯ್ತಿ! ನನ್ನ್ ಕಾಗ್ದ ಕೊಡ್ ಕಾಂಬ, ಒಂದ್ ಮೊಗ ತಿದ್ದೂಕಿತ್ತ್."

ಹಿಂದೆಯೇ ಮಾಷ್ಟ್ರು ಬಂದರು, ರಬ್ಬರು ಹಿಡಿದುಕೊಂಡು. "ನಾ ಎಷ್ಟ್ ವರ್ಷ ಪೇಪರ್ ತಿದ್ದಿದ್ದೆ. ಮರುಮೌಲ್ಯಮಾಪನ ಅಂದೇಳಿ ಒಂದಿತ್ತ್. ತಕಂಡ್ ಬಾ."

ಕಾಗದ ಕೊಟ್ಟರೆ ಮತ್ತೆ ಎಲ್ಲ ನಗುವ ಮುಖ, ನನಗೆ ಜೂನಿಯರ್ಸ್ ಬೆಂಚು. ಕೊಡುವುದಿಲ್ಲ ಎಂದು ಹಿರಿಯರ ಮುಖಕ್ಕೆ ಹೇಳಲು ಬಾಯಿ ಬಾರದು. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಕಾಗದಗಳೇ ಇಲ್ಲ!

"ಯುನಿವರ್ಸಿಟಿಗೆ ಕಳ್ಸಿ ಆಯ್ತ್," ಎಂದರು ಅತ್ತೆ, ಚಾವಡಿಯ ನಡುವೆ ಮಣೆಯ ಮೇಲೆ ಕುಳಿತಲ್ಲಿಂದಲೇ. ಅವರು ಸ್ವಲ್ಪ ಅಲುಗಿದರೆ ಸೀರೆಯಡಿಯಿಂದ ಕಾಗದದ ಪರಪರ ಸದ್ದು. ಬಂದವರು ಬೇಸರದಲ್ಲಿ ಅಲ್ಲೇ ಕುಳಿತರು. ಕಾಫಿಯಾಯಿತು, ಅದೇ ಹಪ್ಪಳ ಸುಟ್ಟು ಕೊಟ್ಟದ್ದೂ ಆಯಿತು. ದೇವರ ದೀಪ ಹಚ್ಚುವ ಹೊತ್ತಾದರೂ ಅತ್ತೆ ಏಳಲಿಲ್ಲ.

"ಎಂತ, ಕಾಲ್ ನೋವಾ?" ಎಂದು ಅಕ್ಕ ಕೇಳಿದಳು.

"ಸೊಂಟ," ಎಂದರು ಅತ್ತೆ. ಮತ್ತೆ ಪರಪರ.

"ಸೊಂಟ ಸದ್ದ್ ಮಾಡ್ತಾ ಇತ್ತಲೆ?" ಎಂದರು ಮಾಷ್ಟ್ರು.

"ವಯ್ಸಾಯ್ತಲ್ದಾ."

ಮರುದಿನ ಮೊದಲ ಬಸ್ಸಿಗೇ ಹೊರಟೆ. ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದೆ. ಮೇಡಂ ಕಾಗದ ನೋಡುತ್ತ ನೋಡುತ್ತ ನಗತೊಡಗಿದರು. ಅಷ್ಟು ದಿನದಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದೆ, ಪಾಸು ಎಂದರು. ಆಮೇಲೆ ಒಂದು ಕಾಗದ ಬೇರೆ ತೆಗೆದಿಟ್ಟರು. ಅದರ ಅಡಿಯಲ್ಲಿ, ಬದಿಯಲ್ಲಿ, ಹಿಂದೆಯೂ ಪೆನ್ಸಿಲಿನಲ್ಲಿ ಷರಾ ತುಂಬಿತ್ತು.

"ಇವರು ಯಾರು?"

"ನಮ್ಮತ್ತೆ."

"ಬರುವ ವರ್ಷ ಎಲ್ಲರ ತಿಂಡಿಗೂ ಅಂಕ ಹಾಕ್ಲಿಕ್ಕೆ ಇವರನ್ನೇ ಕರ್ಕೊಂಡು ಬನ್ನಿ."

ಮನೆಗೆ ಬಂದು ಹೇಳಿದೆ. ಅತ್ತೆ ಇನ್ನೊಂದು ಸಲ ಹೇಳಿಸಿ ಕೇಳಿದರು. ಕೈ ಒರೆಸಿಕೊಂಡು ಹಿತ್ತಿಲ ಬೇಲಿಯ ಹತ್ತಿರ ಹೋದರು.

"ಹ್ವಾಯ್, ಕೇಂಡ್ಯಾ? ಯುನಿವರ್ಸಿಟಿಯೋರ್ ನನ್ನ್ ಬಪ್ಪುಕೆ ಹೇಳಿರ್!"

"ಸೊಸಿ ಪಾಸ್ ಆಯ್ತಾ?" ಎಂದು ಬೇಲಿಯಾಚೆಯಿಂದ ಅಕ್ಕನ ದನಿ.

"ಅದಾ?" ಎಂದರು ಅತ್ತೆ. "ಹೌದ್, ಅದೂ ಆಯ್ತ್ ಅಂಬ್ರ್."