ತಿಕೋಟಾದ ಮೊಣಕಾಲು, ಮುಂಬೈ ಶಾಸನಸಭೆಯ ರುಮಾಲು

ಡಿಸೆಂಬರ್ ೭, ೨೦೨೪, ಶನಿವಾರ, ಬೆಳಗಿನ ಐದೂವರೆ. ತಿಕೋಟಾದ ತಮ್ಮ ಮನೆಯ ಪಡಸಾಲೆಯಲ್ಲಿ ಅಬೇದಾ ಎಡಗಾಲು ಮಡಚಿ, ಬಲ ಮೊಣಕಾಲು ಎತ್ತಿ ಕುಳಿತಿದ್ದಾರೆ. ಗಂಜಿಯಲ್ಲಿ ಅದ್ದಿ ಹಿಂಡಿದ ಕೆಂಪು ಬಟ್ಟೆಯನ್ನು ಆ ಮೊಣಕಾಲಿಗೇ ಸುತ್ತುತ್ತಿದ್ದಾರೆ. ಪ್ರತಿ ಸುತ್ತಿಗೂ ಹೆಬ್ಬೆರಳು ಮಡಿಕೆಯನ್ನು ಒತ್ತಿ ಕೂರಿಸುತ್ತದೆ. ನೋಡನೋಡುತ್ತಲೇ ಮೊಣಕಾಲಿಗೊಂದು ರುಮಾಲು ಬಂದುಬಿಡುತ್ತದೆ. ಅದನ್ನು ಹಾಗೇ ಮೇಲೆತ್ತಿ ಗಂಡ ಯಾಕೂಬರ ತಲೆಗಿಡುತ್ತಾರೆ.

"ಬಗ್ಗರಿ."

ಆಟೊ ಓಡಿಸುವ ಯಾಕೂಬ ಬಾಗುತ್ತಾರೆ. ರುಮಾಲು ಜಾರಿ ಹುಬ್ಬಿನ ಮೇಲೆ ನಿಲ್ಲುತ್ತದೆ.

"ನಿಕಾ ಆದಾಗಿಂದ ಈಕಿ ಮುಂದ ಇಷ್ಟು ಬಗ್ಗಿದ್ದಿಲ್ರಿ ನಾ," ಎನ್ನುತ್ತಾರೆ ಯಾಕೂಬ.

"ಈಗರ ಕಲೀರಿ. ಇನ್ನೊಮ್ಮಿ ಬಗ್ಗರಿ."

ಈ ಅವಸರಕ್ಕೆ ಕಾರಣ ನೂರಮೂವತ್ತು ವರ್ಷದಷ್ಟು ಹಳೆಯ ಒಂದು ಸಭೆ. ಬಬಲೇಶ್ವರದ ಕಾಲೇಜೊಂದರ ವಿದ್ಯಾರ್ಥಿಗಳು ಇಂದು ಹನ್ನೊಂದು ಗಂಟೆಗೆ ಹತ್ತೊಂಬತ್ತನೇ ಶತಮಾನದ ಕೊನೆಯ ಮುಂಬೈ ಶಾಸನಸಭೆಯ ಅಧಿವೇಶನವನ್ನು ವೇದಿಕೆಯ ಮೇಲೆ ನಡೆಸುತ್ತಿದ್ದಾರೆ. ಆಗ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಸದಸ್ಯರ ರುಮಾಲುಗಳೆಲ್ಲ ಅಬೇದಾ ಅವರವೇ. ನಿನ್ನೆಯ ತಾಲೀಮಿನಲ್ಲಿ ಇಮ್ರಾನ ಎಂಬ ವಿದ್ಯಾರ್ಥಿ ಪ್ರಶ್ನೆ ಕೇಳಲು ಎದ್ದು ಅಧ್ಯಕ್ಷರಿಗೆ ಬಾಗಿದ್ದೇ ತಡ, ರುಮಾಲು ಮೂಗಿಗೆ ಬಂತು. ಅದನ್ನು ಕಂಡು ನಕ್ಕ ಪಕ್ಕದವನದು ಮೇಜಿಗೇ ಬಿತ್ತು. ಕಾಲೇಜಿನವರು ಸಂಜೆಯೇ ವಿಜಯಪುರದಿಂದ ಹೊಲಿದ ರುಮಾಲು-ಟೊಪ್ಪಿಗೆಗಳನ್ನು ಬಾಡಿಗೆಗೆ ತರಿಸಿಟ್ಟಿದ್ದಾರೆ. ಹತ್ತಕ್ಕೆ ಇನ್ನೊಂದು ಪರೀಕ್ಷೆ. ಅದರಲ್ಲೂ ಜಾರಿದರೆ ಟೊಪ್ಪಿಗೆಯೇ ಗತಿ.

ಅಬೇದಾ ಅವರ ಹೆಸರಿಗೆ ಬಂದ ಮೊದಲ ಕೆಲಸ ಇದು. ಇಷ್ಟು ವರ್ಷ ಅವರು ಸುತ್ತಿದ್ದೆಲ್ಲ ವಿಜಯಪುರದ ಅಂಗಡಿಗಳಿಗೆ ಹೋಗಿ, ಅಂಗಡಿಯ ಹೆಸರಿನಲ್ಲೇ ಮದುವೆ ಚಪ್ಪರ ಸೇರುತ್ತಿತ್ತು. ಕೆಲಸ ಕಲಿಸಿದವರು ತಂದೆ ಹುಸೇನಸಾಬ. "ಹೆಣ್ಣಮಗಳು ಪರಗಂಡಸರ ತಲಿ ಹೆಂಗ ಮುಟ್ಟೂದು? ಅದಕ್ಕ ಅಪ್ಪ ಮೊಣಕಾಲ ಮ್ಯಾಲ ಕಲಿಸಿದಾ," ಎಂದು ಅಬೇದಾ ನೆನೆಯುತ್ತಾರೆ. ತಲೆಯ ಸುತ್ತಳತೆಯ ನೂಲೊಂದು ಬರುತ್ತದೆ, ರುಮಾಲು ಹೋಗುತ್ತದೆ. ಲಗ್ನದ ಹಂಗಾಮಿನಲ್ಲಿ ದಿನಕ್ಕೆ ಹನ್ನೆರಡು. ರಾತ್ರಿ ಕಾಲು ಚಾಚಲು ಗೋಡೆ ಹಿಡಿಯಬೇಕಾಗುತ್ತದೆ. ತಾವು ಸುತ್ತಿದ ರುಮಾಲನ್ನು ತಲೆಯ ಮೇಲೆ ಅವರು ನೋಡಿದ್ದೇ ಅಪರೂಪ.

ತಪ್ಪಾದದ್ದೂ ಅಲ್ಲಿಯೇ. "ಮದುಮಗಾ ಹಿರೇರ ಕಾಲಿಗಿ ಬಿದ್ರ ಬಾಜೂದವ್ರು ರುಮಾಲ ಹಿಡೀತಾರ್ರಿ. ಸಭಾದಾಗ ಯಾರು ಹಿಡೀಬೇಕು? ನಾ ಲಗ್ನದ ರುಮಾಲನ ಸುತ್ತಿ ಕೊಟ್ಟೇನಿ."

ನಾಟಕದ ಹೊಣೆ ಹೊತ್ತ ಅಂತಿಮ ವರ್ಷದ ಶಾಂಭವಿ ಏಳು ಗಂಟೆಗೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅಬೇದಾ ಕೈ ನಿಲ್ಲಿಸದೆ ಕೇಳುತ್ತಾರೆ: "ಆ ಮಂದಿ ಎದ್ದು ಬಗ್ಗಿ ಏನ ಮಾಡತಿದ್ರು ಯವ್ವಾ?"

"ಸರ್ಕಾರಕ್ಕ ಪ್ರಶ್ನೆ ಕೇಳತಿದ್ರರೀ. ಹದಿನೆಂಟುನೂರಾ ತೊಂಬತ್ತೆರಡರ ಕಾಯ್ದೆ ಬಂದಮ್ಯಾಲ ಆ ಹಕ್ಕು ಸಿಕ್ತು. ಆದ್ರ ಉತ್ತರ ಕೊಟ್ಟಮ್ಯಾಲ ಮರುಪ್ರಶ್ನೆ ಕೇಳಂಗಿಲ್ಲ."

"ಒಮ್ಮಿ ಕೇಳಿ ಸುಮ್ಮ ಕುಂಡ್ರೂದು? ಅಲ್ಲಿ ನಮ್ಮ ಸೊಸಿ ಒಂದಿನಾ ಬಾಳ್ವೆ ಮಾಡಾಂಗಿಲ್ಲ ನೋಡು!"

ಒಳಗಿನಿಂದ ಸೊಸೆ ಜುಲೇಖಾ, "ಕೇಳಾಕತ್ತೇತ್ರಿ ಅತ್ತೀ," ಎನ್ನುತ್ತಾಳೆ.

ಸಭೆಯ ಹಳೆಯ ಚಿತ್ರಗಳು ಕಪ್ಪು-ಬಿಳುಪು. ರುಮಾಲಿನ ಬಣ್ಣಗಳೆಲ್ಲ ಊಹೆ. ಆದರೆ ಇಂದಿನ ತಲೆಬಿಸಿ ಬಣ್ಣದ್ದಲ್ಲ. ಯಾಕೂಬರ ತಲೆಯನ್ನು ತಡವಿ ನೋಡುತ್ತ ಅಬೇದಾ ಥಟ್ಟನೆ ನಿಲ್ಲುತ್ತಾರೆ. ಮೊಣಕಾಲು ಎಲ್ಲ ಕಡೆಗೂ ಗುಂಡಗಿದೆ; ತಲೆ ಹಿಂದಕ್ಕೆ ಇಳಿಜಾರು. ಒಳಗಿನ ಮೊದಲ ಸುತ್ತನ್ನು ಹಗ್ಗದಂತೆ ಹುರಿಗೊಳಿಸಿ, ಹಿಂಬದಿಯಲ್ಲಿ ತಗ್ಗಿಸಿ, ಉಳಿದದ್ದನ್ನು ಅದರ ಮೇಲೆ ಕಟ್ಟುತ್ತಾರೆ. ಯಾಕೂಬ ಬಾಗುತ್ತಾರೆ, ಏಳುತ್ತಾರೆ. ರುಮಾಲು ಕದಲುವುದಿಲ್ಲ. ಒಂಬತ್ತೂಕಾಲರ ಹೊತ್ತಿಗೆ ಎಲ್ಲ ರುಮಾಲುಗಳನ್ನೂ ಬಿಚ್ಚಿ ಸುತ್ತಿ, ಆಟೊದಲ್ಲಿ ಮಡಿಲಿಗಿಟ್ಟುಕೊಂಡು ಅವರು ಬಬಲೇಶ್ವರದ ದಾರಿ ಹಿಡಿಯುತ್ತಾರೆ.

"ಹೆಸರು ದೊಡ್ಡದು ಮಾಡೂದು ಬ್ಯಾಡ್ರಿ," ಎನ್ನುತ್ತಾರೆ ಅಬೇದಾ, ಸಭಾಂಗಣದ ಬಾಗಿಲಲ್ಲಿ ನಿಂತು. "ಯಾರ ಸುತ್ಯಾರ ಅಂತ ಕೇಳಿದ್ರ, ತಿಕೋಟಾದ ಅಬೇದಾ ಅಂದ್ರ ಸಾಕು."

ಇಮ್ರಾನನ ಹಣೆಯ ಮೇಲೆ, ರುಮಾಲಿನ ಅಂಚಿಗೆ ಸರಿಯಾಗಿ ಶಾಂಭವಿ ಕಾಡಿಗೆಯ ಗೆರೆ ಎಳೆಯುತ್ತಾಳೆ. ಅವನು ಎದ್ದು ಸೊಂಟದವರೆಗೆ ಬಾಗುತ್ತಾನೆ, ನೆಟ್ಟಗಾಗುತ್ತಾನೆ, ಪ್ರಶ್ನೆ ಕೇಳಿ ಕೂರುತ್ತಾನೆ. ಯಾರೂ ನಗುವುದಿಲ್ಲ. ಶಾಂಭವಿ ಅಳತೆಪಟ್ಟಿಯನ್ನು ಹಣೆಗೆ ಹಿಡಿದು ಬಾಗಿಲ ಕಡೆ ತಿರುಗಿ ಓದಿ ಹೇಳುತ್ತಾಳೆ. ರುಮಾಲು ಸರಿದದ್ದು ಬರೀ ನಾಲ್ಕು ಮಿಲಿಮೀಟರ್.