ಬಟವಾಡೆ ದಿನದ ಪಿಸ್ತೂಲು

ಮನೆಯಲ್ಲಿ ಪಿಸ್ತೂಲು ಇದ್ದರೆ ಕಳ್ಳರಿಗೆ ಭಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಭಯ ಇದ್ದದ್ದು ನನಗೊಬ್ಬಳಿಗೆ. ಎಪ್ಪತ್ತರ ದಶಕದ ಮಾತು. ನಮ್ಮ ಯಜಮಾನರು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಗುಡ್ಡದಲ್ಲಿದ್ದ ಅದಿರಿನ ಗಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬಟವಾಡೆಯ ಹಿಂದಿನ ದಿನ ಚಿತ್ರದುರ್ಗದ ಬ್ಯಾಂಕಿಗೆ ಹೋಗಿ, ಆಳುಗಳ ಕೂಲಿ ಹಣವನ್ನು ಚೀಲದಲ್ಲಿ ತುಂಬಿಸಿಕೊಂಡು ಜೀಪಿನಲ್ಲಿ ತರುವುದು ಅವರ ಕೆಲಸ. ದಾರಿಯಲ್ಲಿ ಯಾರಾದರೂ ಅಡ್ಡ ಹಾಕಿದರೆ ಇರಲಿ ಅಂತ ಗಣಿಯ ಸಾಹುಕಾರರು ಬೆಂಗಳೂರಿನ ಬಂದೂಕಿನ ಅಂಗಡಿಯಿಂದ ಹೊಸ ಪಿಸ್ತೂಲೊಂದನ್ನು ತರಿಸಿ, ಲೈಸೆನ್ಸಿನಲ್ಲಿ ಇವರ ಹೆಸರನ್ನೂ ಸೇರಿಸಿದ್ದರು.

ಅದನ್ನು ಇಡುತ್ತಿದ್ದದ್ದು ನನ್ನ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ. ಸೀರೆ ಬೇಕಾದಾಗಲೆಲ್ಲ ಇವರನ್ನೇ ಕರೆದು ತೆಗೆಸುತ್ತಿದ್ದೆ. "ಅದೇನು ಹಾವೇನೇ, ಕಚ್ಚಾಕೆ?" ಅಂತ ನಗುತ್ತಿದ್ದರು. ಹಾವಾದರೂ ಬುಸ್ ಅಂದು ಮುನ್ಸೂಚನೆ ಕೊಡುತ್ತದೆ ಅಂತ ನಾನು ತಿರುಗಿ ಹೇಳುತ್ತಿದ್ದೆ.

ಆದರೆ ಅದು ಕಚ್ಚುವುದೂ ಇಲ್ಲ ಅಂತ ಬೇಗನೆ ಗೊತ್ತಾಯಿತು. ಇವರು ಗುಡ್ಡದ ಹಿಂದೆ ಹೋಗಿ ಒಂದು ಗುಂಡು ಹಾರಿಸಿ ನೋಡೋಣ ಅಂತ ಟ್ರಿಗರ್ ಎಳೆದರೆ ಟಕ್ ಅಂತ ಸದ್ದು, ಅಷ್ಟೇ. ತೋಟಾ ಬದಲಾಯಿಸಿದರೂ ಅದೇ ಟಕ್. ಅಂಗಡಿಗೆ ಕಳಿಸಿದರು, ಅಂಗಡಿಯವರು ಉತ್ತರ ದೇಶದಲ್ಲೆಲ್ಲೋ ಇದ್ದ ಕಾರ್ಖಾನೆಗೆ ಕಳಿಸಿದರು. ತಿಂಗಳುಗಟ್ಟಲೆ ಪತ್ತೆಯಿಲ್ಲ. ಕೊನೆಗೆ ಹೊಳಪು ಕೊಟ್ಟು, ಎಣ್ಣೆ ಹಚ್ಚಿ, ನಾವು ಹೊಡೆದು ನೋಡಿದ್ದೇವೆ, ಯಾವ ದೋಷವೂ ಇಲ್ಲ ಅಂತ ವಾಪಸು ಕಳಿಸಿದರು. ಬಂದ ಹೊಸದರಲ್ಲಿ ಹಾರಿತು, ಆಮೇಲೆ ಮತ್ತೆ ಟಕ್. ಮತ್ತೆ ಕಾರ್ಖಾನೆ, ಮತ್ತೆ ಅದೇ ಹೊಳಪು. ರಾತ್ರಿಯೆಲ್ಲ ಕೆಮ್ಮುವ ಮಗು ಡಾಕ್ಟರ ಮುಂದೆ ಸುಮ್ಮನೆ ಕೂರುತ್ತದಲ್ಲ, ಅದರ ಜಾತಿಯದು ಈ ಪಿಸ್ತೂಲು.

ಅದು ಕಾರ್ಖಾನೆಯಲ್ಲಿದ್ದಷ್ಟು ಕಾಲ ಇವರು ಪಿಸ್ತೂಲಿನ ಬರೀ ಚರ್ಮದ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರು. ಒಳಗೆ ನನ್ನ ಮುರಿದ ಕಡೆಗೋಲಿನ ತುಂಡು. ಹೊರಗಿನಿಂದ ಉಬ್ಬು ಕಾಣಬೇಕಲ್ಲ! ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ, ಸಾಹುಕಾರರನ್ನು, ಕಾರ್ಖಾನೆಯವರನ್ನು, ಕೊನೆಗೆ ಇವರನ್ನು. ಬೈದು ಮುಗಿಸಿ ಜೀಪು ಗುಡ್ಡ ಇಳಿದು ಹೋದ ಮೇಲೆ ಭಯ ಹಿಡಿಯುತ್ತಿತ್ತು. ಆಗ ನನಗಿದ್ದ ಧೈರ್ಯ ಒಂದೇ. ಪಿಸ್ತೂಲು ಕೆಟ್ಟಿದೆ ಅನ್ನುವುದು ನಮಗೂ ಡ್ರೈವರಿಗೂ ಸಾಹುಕಾರರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಧೈರ್ಯವೂ ಆಯುಧಪೂಜೆಯ ದಿನ ಹೋಯಿತು. ಗಣಿಯಲ್ಲಿ ಪೂಜೆ ಜೋರು. ಜೀಪು, ಹಾರೆ, ಗುದ್ದಲಿ, ಪಿಕಾಸಿ ಎಲ್ಲ ತೊಳೆದು ಸಾಲಾಗಿ ಇಟ್ಟು ವಿಭೂತಿ ಬಳಿದು, ಚೆಂಡುಹೂ ಏರಿಸಿದ್ದರು. ಆ ದಿನ ಯಾವ ಸಲಕರಣೆಯನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ, ಅವಕ್ಕೆ ವಿಶ್ರಾಂತಿ. ತಟ್ಟೆಯಲ್ಲಿ ಕುಂಕುಮ ಇಟ್ಟುಕೊಂಡು ಪಿಸ್ತೂಲೂ ಕೂತಿತ್ತು, ಎರಡನೆಯ ರಿಪೇರಿಯಿಂದ ಬಂದು ಸ್ವಲ್ಪ ದಿನವಾಗಿತ್ತು. ಕುಂಬಳಕಾಯಿ ಒಡೆದ ಮೇಲೆ ಸಾಹುಕಾರರಿಗೆ ಅದೇನು ಹುರುಪು ಬಂತೋ, "ಏನಪ್ಪ, ಒಂದು ಗುಂಡು ಹಾರಿಸು, ಎಲ್ರೂ ನೋಡ್ಲಿ" ಅಂದುಬಿಟ್ಟರು.

ಇವರು ಕೈ ಮೇಲೆತ್ತಿ ಎಳೆದರು. ಟಕ್. ಮತ್ತೆ ಎಳೆದರು. ಟಕ್. ಹೆಂಗಸರು ಕಿವಿ ಮುಚ್ಚಿದ ಕೈಗಳನ್ನು ನಿಧಾನವಾಗಿ ಇಳಿಸಿದರು. ಆಳುಗಳ ಗುಂಪಿನಿಂದ ಯಾರೋ ಕೂಗಿದ, "ಅದ್ಕೂ ಇವತ್ತು ರಜ ಕಣ್ಲೇ!" ಗಣಿಗೆ ಗಣಿಯೇ ನಕ್ಕಿತು. ಸಾಹುಕಾರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಸುತ್ತಲ ಹಳ್ಳಿಗಳಿಂದ ಬಂದ ಆಳುಗಳು ಸಂಜೆ ತಮ್ಮ ತಮ್ಮ ಊರು ಸೇರುವ ಹೊತ್ತಿಗೆ, ಹಣ ತರುವ ಗುಮಾಸ್ತನ ಪಿಸ್ತೂಲು ಹಾರುವುದಿಲ್ಲ ಅನ್ನುವುದು ಆ ದಾರಿಯ ಎಲ್ಲರಿಗೂ ಗೊತ್ತಾಗಿರುತ್ತದೆ.

ಪಿಸ್ತೂಲು ಮೂರನೆಯ ಸಲ ಕಾರ್ಖಾನೆಗೆ ಹೋಯಿತು. ಇವರು ಬದಲಾದರು. ಹೋದಲ್ಲೆಲ್ಲ "ಏನ್ ಗುಮಾಸ್ತ್ರೇ, ರಜ ಮುಗೀತಾ?" ಅನ್ನುವ ಗೇಲಿ. ಮೊದಲು ನಗುತ್ತಿದ್ದ ಮನುಷ್ಯ ಈಗ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುತ್ತಿದ್ದರು. ಬಾಗಿಲು ಬಡಿದರೆ ಬೆಚ್ಚುತ್ತಿದ್ದರು. ಬ್ಯಾಂಕಿನಿಂದ ಬಂದ ದಿನ ಅಂಗಿ ಬೆವರಿಗೆ ಒದ್ದೆಯಾಗಿರುತ್ತಿತ್ತು. ನನಗೆ ಬೈಯಲೂ ಮನಸ್ಸಾಗುತ್ತಿರಲಿಲ್ಲ.

ದೀಪಾವಳಿ ಕಳೆದು ಸೋನೆ ಹಿಡಿದಿದ್ದಾಗ ಪಿಸ್ತೂಲು ಬಂತು. ಇವರು ಗುಡ್ಡದ ಹಿಂದಕ್ಕೆ ಹೋದರು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ನನಗೆ ಢಂ ಢಂ ಅಂತ ಒಂದರ ಹಿಂದೊಂದು ಕೇಳಿಸಿತು. ಒಂದೂ ತಪ್ಪಲಿಲ್ಲ. ವಾಪಸು ಬಂದವರ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

"ಈ ಸಲ ಸರಿ ಹೋಯ್ತು ಕಣೇ. ಈಗ ಬರ್ಲಿ ಯಾವನ್ ಬರ್ತಾನೋ, ನೋಡಾಣ!"

ಅಲ್ಲಿಯವರೆಗೆ ಯಾರಾದರೂ ಅಡ್ಡ ಹಾಕಿದರೆ ಚೀಲ ಎಸೆದು ಓಡಿ ಬನ್ನಿ ಅಂತ ಹೇಳಿದ್ದೆ, ಹೂಂ ಅಂದಿದ್ದರು. ಈ ಮನುಷ್ಯ ಇನ್ನು ಓಡುವುದಿಲ್ಲ ಅಂತ ಆ ಕ್ಷಣ ತಿಳಿಯಿತು. ಆ ಬಾರಿ ಬ್ಯಾಂಕಿಗೆ ಹೊರಟಾಗ ನಾನೂ ಜೀಪು ಹತ್ತಿ ಕೂತೆ. ಮದಕರಿಪುರದ ನಮ್ಮ ಡ್ರೈವರು, "ಅಕ್ಕಾರೇ, ಸಾಹುಕಾರ್ರು ಬೈತಾರೆ, ಇಳೀರಿ" ಅಂದ. "ಬೈದ್ರೆ ನಂಗೆ ಬೈಲಿ, ನೀನು ನಡಿ" ಅಂದೆ. ಇವರು ಕಣ್ಣು ಕೆಕ್ಕರಿಸಿದರು. ನಾನು ಆ ಕಡೆ ನೋಡಲೇ ಇಲ್ಲ.

ಚಿತ್ರದುರ್ಗದಿಂದ ವಾಪಸು ಹೊರಡುವಾಗಲೇ ತಡವಾಗಿತ್ತು. ಹೊಳಲ್ಕೆರೆಯಲ್ಲಿ ಟೈರು ಪಂಕ್ಚರ್ ಆಗಿ ಮತ್ತಷ್ಟು ತಡ. ರಾಮಗಿರಿ ದಾಟುವಾಗ ಮೋಡ ಕವಿದು, ಸಂಜೆಗೆ ಮುಂಚೆಯೇ ಕತ್ತಲಾದಂತಿತ್ತು. ಇವರು ಮುಂದೆ ಕೂತು ಪಿಸ್ತೂಲನ್ನು ಕೈಯಲ್ಲೇ ಹಿಡಿದಿದ್ದರು. ಹಿಂದೆ ಹಣದ ಚೀಲದ ಪಕ್ಕ ನಾನು. ಒಂದು ತಿರುವಿನಲ್ಲಿ ರಸ್ತೆಯ ನಡುವೆ ಒಬ್ಬ ನಿಂತಿದ್ದ. ಕಂಬಳಿಯ ಕೊಪ್ಪೆ, ಮುಖ ಕಾಣುತ್ತಿಲ್ಲ, ಒಂದು ಕೈಯಲ್ಲಿ ಎತ್ತಿ ಹಿಡಿದ ದೊಣ್ಣೆ.

ಡ್ರೈವರು ಬ್ರೇಕು ಹಾಕಿದ. ಆ ಮನುಷ್ಯ ಓಡುತ್ತಾ ಇವರ ಪಕ್ಕಕ್ಕೇ ಬಂದ. ಬರುತ್ತಲೇ ದೊಣ್ಣೆ ಕಂಕುಳಿಗೆ ಸಿಕ್ಕಿಸಿ, ಕಂಬಳಿಯೊಳಗೆ ಕೈ ಹಾಕಿ ಏನನ್ನೋ ಹೊರಗೆಳೆದ. ಇವರ ಕೈ ಮೇಲೆದ್ದಿತು.

ಟಕ್.

ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು.

ಕಂಬಳಿಯಿಂದ ಹೊರಬಂದದ್ದು ಕುರಿಮರಿ. ಆಗ ತಾನೇ ಹುಟ್ಟಿದ್ದು, ಮೈಯಿನ್ನೂ ಅಂಟಂಟು. ಅವನು ಅದರ ಬಾಯಿಯ ಲೋಳೆ ಒರೆಸುತ್ತಲೇ ಮಾತಾಡಿದ, ಪಿಸ್ತೂಲಿನ ಕಡೆ ಕಣ್ಣು ಹಾಯಿಸಲೇ ಇಲ್ಲ.

"ಸ್ವಾಮಿ, ಸಿಟ್ಟಾಗ್ಬ್ಯಾಡ್ರಿ. ನಾವು ಹಿರಿಯೂರ್ ಕಡೆಯೋರು. ಮಂದೆ ಮುಂದಕ್ಕೋಗೈತೆ, ಇದು ದಾರಿಯಾಗೇ ಹುಟ್ತು. ತಾಯಿ ಇನ್ನ ಏಳಂಗಿಲ್ಲ, ನಾನು ಅದ್ನ ಕಾಯ್ಬೇಕು. ಮಳ್ಯಾಗಿದ್ರೆ ಮರಿ ಉಳಿಯಂಗಿಲ್ಲ. ಮುಂದ್ಲೂರ ಕಟ್ಟೆತಾವ ನಮ್ಮೋರವ್ರೆ, ಇಷ್ಟು ಕೊಟ್ಟೋಗ್ರಿ." ಆಮೇಲೆ ಬಾನೆಟ್ಟಿನ ಕಡೆ ನೋಡಿ, "ಏನೋ ಟಕ್ ಅಂತು, ಗಾಡಿ ಕೆಟ್ಟೈತೇನ್ರಿ?" ಅಂದ.

ನಾನು ಹಿಂದಿನಿಂದ ಎರಡೂ ಕೈ ಚಾಚಿ, "ಇಲ್ಲಿ ಕೊಡಪ್ಪ" ಅಂದೆ. ಬೆಚ್ಚಗಿದ್ದ ಮರಿ ನನ್ನ ಮಡಿಲಿಗೆ ಬಂತು. ಸೆರಗಿನಿಂದ ಅದರ ಮೈ ಒರೆಸಿ, ಅದರಲ್ಲೇ ಸುತ್ತಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಡ್ರೈವರು ರಸ್ತೆಯಿಂದ ಕಣ್ಣು ತೆಗೆಯದೆ, "ಬುದ್ಧೀ, ಪಿಸ್ತೂಲು ಒಳಗಿಡ್ರಿ" ಅಂದ. ಕಟ್ಟೆಯ ಹತ್ತಿರ ಬೆಂಕಿ ಹಾಕಿಕೊಂಡು ಕೂತಿದ್ದ ಕುರುಬರಿಗೆ ಮರಿ ಕೊಟ್ಟೆವು. ಹೆಂಗಸೊಬ್ಬಳು ನನಗೆ ಪುಣ್ಯ ಬರಲಿ ಅಂದಳು.

ಮನೆಗೆ ಬಂದು ಇವರು ಹಿತ್ತಲಲ್ಲಿ ವಾಂತಿ ಮಾಡಿಕೊಂಡರು. ಮುಖ ತೊಳೆಯಲು ನೀರು ಹಾಕುತ್ತಿದ್ದ ನನ್ನ ಮುಂಗೈ ಹಿಡಿದು, "ಎಳದ್ಬಿಟ್ಟೆ ಕಣೇ, ನಾನು ಎಳದ್ಬಿಟ್ಟೆ" ಅಂದರು.

"ನೋಡ್ದೆ, ಬಿಡ್ರಿ" ಅಂದೆ.

ಮರುದಿನ ಬಟವಾಡೆ. ಇವರಿಗೆ ಬುತ್ತಿ ತೆಗೆದುಕೊಂಡು ಹೋದಾಗ ಸಾಹುಕಾರರು ಆಳುಗಳ ಎದುರಿಗೇ ಕೇಳುತ್ತಿದ್ದರು, "ಏನಪ್ಪ, ಈ ಸಲನಾದ್ರೂ ನೆಟ್ಟಗೆ ಮಾಡವ್ರಾ? ಇಲ್ಲಾಂದ್ರೆ ಹೇಳು, ವಾಪಸ್ ಕಳ್ಸಾಣ." ಆಳುಗಳು ಆಗಲೇ ನಗಲು ತಯಾರಾಗಿದ್ದರು.

ಇವರು ನನ್ನ ಕಡೆ ಒಮ್ಮೆ ನೋಡಿ, "ಸರಿಯಾಗೈತೆ ಸಾಹುಕಾರ್ರೇ. ಇನ್ನ ಎಲ್ಲಿಗೂ ಕಳ್ಸಾದು ಬ್ಯಾಡ" ಅಂದರು. ಹಾಗೆ ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ದು ನಾನು ಕಂಡಂತೆ ಅದೊಂದೇ ಸಲ.

ಮುಂದಿನ ಸಲ ಬ್ಯಾಂಕಿಗೆ ಹೊರಡುವಾಗ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡರು. ಆಮೇಲೆ ಅದರಿಂದ ತೋಟಾಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಹಾಕಿದರು. ಬೇಡ, ಇರಲಿ, ತುಂಬಿಕೊಂಡೇ ಹೋಗಿ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಜೀಪು ಗುಡ್ಡ ಇಳಿದು ಮರೆಯಾಯಿತು. ತೋಟಾಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಾಗಿಲಲ್ಲೇ ಕೂತೆ. ಸಂಜೆ ಅವರು ವಾಪಸು ಬರುವವರೆಗೆ ನನಗೆ ಒಂದು ತುತ್ತೂ ಇಳಿಯಲಿಲ್ಲ.