ನೂರಾ ಹದಿನಾಲ್ಕನೇ ಚುಕ್ಕಿ

ನಮ್ಮ ಕಚೇರಿಯಲ್ಲಿ ಮೂವತ್ತೆರಡು ಜನ ಕೂತು ನೆಲವನ್ನು ಆಕಾಶದಿಂದ ನೋಡುತ್ತೇವೆ. ನೆಲಕ್ಕಿಳಿದು ನೋಡುವವರು ಒಬ್ಬರೇ. ಅವರನ್ನು ಎಲ್ಲರೂ ಚುಕ್ಕಿ ಅಕ್ಕ ಅನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ನಾನು ಹದಿನಾರು ವರ್ಷದಿಂದ ಅವರ ಪಕ್ಕದ ಮೇಜಿನವನು.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಉಪಗ್ರಹ ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ, ಚಿತ್ರ ಕಳಿಸುತ್ತದೆ. ಚಿತ್ರವೆಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕಗಳ ರಾಶಿ. ಕಂಪ್ಯೂಟರು ಒಂದೊಂದು ಚೌಕಕ್ಕೂ ಬಣ್ಣ ಬಳಿಯುತ್ತದೆ: ಮರಕ್ಕೆ ಹಸಿರು, ನೀರಿಗೆ ನೀಲಿ, ಹೊಲಕ್ಕೆ ಹಳದಿ, ಕಟ್ಟಡಕ್ಕೆ ಕೆಂಪು. ಹೀಗೆ ವರ್ಷಕ್ಕೊಂದು ನಕ್ಷೆ. ಅದು ಸರಿಯಿದೆಯೋ ಇಲ್ಲವೋ ತಿಳಿಯಲು ಅದರ ಮೇಲೆ ಎಲ್ಲೆಂದರಲ್ಲಿ ಮುನ್ನೂರು ಚುಕ್ಕಿ ಉದುರಿಸುತ್ತೇವೆ. ಚುಕ್ಕಿ ಅಕ್ಕ ಸ್ಕೂಟರಿನಲ್ಲಿ ಹೋಗಿ ಒಂದೊಂದು ಚುಕ್ಕಿಯ ಮೇಲೂ ನಿಂತು, ನಾಲ್ಕು ದಿಕ್ಕಿಗೆ ನಾಲ್ಕು ಫೋಟೋ ತೆಗೆದು, ಅಲ್ಲಿ ಏನಿದೆ ಎಂದು ಬರೆದು ತರುತ್ತಾರೆ. ಕೊನೆಯಲ್ಲಿ ನಕ್ಷೆಯ ಮೂಲೆಗೆ 'ಸ್ಥಳದಲ್ಲಿ ನೋಡಿ ದೃಢಪಡಿಸಲಾಗಿದೆ' ಎಂದು ಬರೆದು ಅದರ ಕೆಳಗೆ ಅವರ ಸಹಿ.

ಚುಕ್ಕಿಗೆ ದಾಕ್ಷಿಣ್ಯವಿಲ್ಲ. ಒಮ್ಮೆ ದಂತವೈದ್ಯರೊಬ್ಬರ ಬಚ್ಚಲುಮನೆಯಲ್ಲಿ ಬಿದ್ದಿತ್ತು, ಇನ್ನೊಮ್ಮೆ ಜೈಲಿನ ಅಂಗಳದಲ್ಲಿ. ಅಕ್ಕ ಎರಡೂ ಕಡೆ ಬಾಗಿಲು ತಟ್ಟಿ, ಒಳಗೆ ಹೋಗಿ, ನಾಲ್ಕು ಫೋಟೋ ತೆಗೆದು ಬಂದರು. ಅಕ್ಕನ ಗಂಡ ದರ್ಜಿ. ಹೆಂಡತಿಯ ಕೋಟಿಗೆ ಎಂಟು ಜೇಬು ಹೊಲಿದುಕೊಟ್ಟಿದ್ದ. ಫಾರಂ, ಪೆನ್ಸಿಲ್, ಜಾಗ ತೋರಿಸುವ ಯಂತ್ರ, ನಾಯಿಗೆ ಬಿಸ್ಕತ್ತು, ಎಲ್ಲಕ್ಕೂ ಒಂದೊಂದು. ಅತ್ತೆಗೆ ಮಾತ್ರ ಸೊಸೆಯ ಉದ್ಯೋಗ ಕೊನೆಯವರೆಗೂ ಅರ್ಥವಾಗಲಿಲ್ಲ.

"ಇರೋದು ಇದೆಯಾ ಅಂತ ನೋಡ್ಕೊಂಡು ಬರೋದಾ? ಅದಕ್ಕೆ ಸರ್ಕಾರ ಜನ ಇಟ್ಟಿದೆಯಾ?"

"ಹೂಂ ಅತ್ತೆ. ಎಷ್ಟೋ ಸಲ ಇರೋದಿಲ್ಲ."

ಆ ವರ್ಷದ ನಕ್ಷೆ ಪರದೆಯ ಮೇಲೆ ಬಂದಾಗ ನಿರ್ದೇಶಕರು ಕುರ್ಚಿಯಿಂದ ಎದ್ದುನಿಂತರು. ಊರಿನ ದಕ್ಷಿಣಕ್ಕೆ ಅರವತ್ತೆರಡು ಹೆಕ್ಟೇರಿನ ಹೊಸ ಕಾಡು! ಎಲ್ಲ ಕಡೆ ಹಸಿರು ಕರಗುತ್ತಿರುವ ಕಾಲದಲ್ಲಿ ನಮ್ಮಲ್ಲಿ ಉಕ್ಕಿದೆ. ಸಂಜೆಯೊಳಗೆ ಸುದ್ದಿ ಪುರಸಭೆಗೆ ಮುಟ್ಟಿತು. ಪುರಸಭೆಯ ಅಧ್ಯಕ್ಷರಿಗೆ ತಾವು ಕಾಡು ಬೆಳೆಸಿದ್ದು ಆಗಲೇ ಗೊತ್ತಾಗಿದ್ದು. ಆದರೂ ಸಾವರಿಸಿಕೊಂಡು, "ಮೂರು ವರ್ಷದ ತಪಸ್ಸು" ಅಂದರು.

ನೂರಾ ಹದಿನಾಲ್ಕನೇ ಚುಕ್ಕಿ ಆ ಕಾಡಿನ ನಟ್ಟನಡುವೆ ಬಿದ್ದಿತ್ತು.

ಅಕ್ಕ ಹೋದರು. ರಸ್ತೆ ಮುಗಿದಲ್ಲಿ ಕೆರೆ. ಈ ದಡದಿಂದ ಆ ದಡದವರೆಗೆ ತೇಲುವ ಅಂತರಗಂಗೆ ಗಿಡ ಹೆಣೆದುಕೊಂಡು ನೀರೇ ಕಾಣದಂತೆ ಮುಚ್ಚಿತ್ತು. ಒಂದೂವರೆ ವರ್ಷದ ಹಿಂದೆ ಪುರಸಭೆಯವರು ಊರಿನ ಕೊಳಚೆ ಪೈಪನ್ನು ಅಲ್ಲಿಗೆ ತಿರುಗಿಸಿದ್ದರು; ಅದನ್ನೇ ಉಂಡು ಕಳೆ ಸೊಂಪಾಗಿ ಬೆಳೆದಿತ್ತು. ದಡದಲ್ಲಿ ಮೀನು ಹಿಡಿಯುವ ಹೆಂಗಸೊಬ್ಬಳು ಕವುಚಿದ ದೋಣಿಯ ಬೆನ್ನ ಮೇಲೆ ಕೂತು ಬಲೆ ಬಿಚ್ಚುತ್ತಿದ್ದಳು.

"ಇಲ್ಲಿ ಕಾಡಿದೆಯಂತಲ್ಲ?" ಎಂದು ಅಕ್ಕ ಕೇಳಿದರು.

"ಯಾರಮ್ಮ ಹೇಳಿದ್ದು?"

ಅಕ್ಕ ಬೆರಳೆತ್ತಿ ಮೇಲೆ ತೋರಿಸಿದರು. ದೋಣಿಯವಳು ತಲೆಯೆತ್ತಿ ನೋಡಿದಳು. "ಅಷ್ಟು ಮೇಲಿಂದ ನೋಡಿದ್ರೆ ನಾನೂ ರಾಣಿ ಥರ ಕಾಣ್ತೀನೇನೋ."

ಇಬ್ಬರೂ ಸೇರಿ ದೋಣಿ ಇಳಿಸಿ, ಕುಡುಗೋಲಿನಿಂದ ಕಳೆ ಕೊಯ್ಯುತ್ತ ಒಂದು ಗಂಟೆಯಲ್ಲಿ ಚುಕ್ಕಿ ತಲುಪಿದರು. ಅಕ್ಕ ದೋಣಿಯಲ್ಲಿ ಎದ್ದುನಿಂತು ನಾಲ್ಕು ಫೋಟೋ ತೆಗೆದರು. ಫಾರಂನಲ್ಲಿ ಬರೆದರು: ಕೆರೆ. ಕಳೆ ತುಂಬಿದೆ. ಮರ ಸೊನ್ನೆ.

ಇದರಲ್ಲಿ ಉಪಗ್ರಹದ ತಪ್ಪೇನಿಲ್ಲ. ಜೀವಂತ ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು, ಕೆಂಪಿನ ಆಚೆಗಿನದನ್ನು, ಮೇಲಕ್ಕೆ ಚಿಮ್ಮಿಸುತ್ತದೆ. ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುವುದು ಮುಖ್ಯವಾಗಿ ಅದನ್ನು. ಅಂತರಗಂಗೆಯೂ ಎಲೆಯೇ, ಅದೂ ಕೊಬ್ಬಿದ ಎಲೆ. ಪಕ್ಕದ ಊರಿನವರು ನಮ್ಮ ಕಾಡಿನ ಸುದ್ದಿ ಕೇಳಿ ಹೊಟ್ಟೆಕಿಚ್ಚಿಗೆ ಒಂದು ಬೋಳುಗುಡ್ಡಕ್ಕೆ ಪೂರ್ತಿ ಹಸಿರು ಬಣ್ಣ ಬಳಿಸಿದರು. ಉಪಗ್ರಹ ಅದನ್ನು ಬಂಡೆಯೆಂದೇ ತೋರಿಸಿತು. ಬಣ್ಣಕ್ಕೆ ಆ ಬೆಳಕು ಎಲ್ಲಿಂದ ಬರಬೇಕು! ಅದರ ಗುತ್ತಿಗೆದಾರ ಮಾತ್ರ ಇವತ್ತಿಗೂ ಮೋಡ ಅಡ್ಡ ಬಂತು ಅನ್ನುತ್ತಾನೆ.

ನಿರ್ದೇಶಕರು ಫಾರಂ ಓದಿ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯರೇ, ಆದರೆ ಮಂತ್ರಿಗಳಿಗೆ ಆಗಲೇ ಪತ್ರ ಹೋಗಿತ್ತು.

"ಜಾಗ ತಪ್ಪಿ ಹೋಗಿರಬೇಕು ನೀವು."

"ಇಲ್ಲ ಸಾರ್. ದೋಣಿಯಲ್ಲಿ ಹೋಗಿ ಚುಕ್ಕಿ ಮೇಲೇ ನಿಂತಿದ್ದೆ."

"ಅದೇ ನೋಡಿ. ಕಾಡಿಗೆ ಯಾರಾದ್ರೂ ದೋಣಿಯಲ್ಲಿ ಹೋಗ್ತಾರಾ?"

"ಹಳೇ ನಕ್ಷೆಗಳಲ್ಲೆಲ್ಲ ಅಲ್ಲಿ ನೀಲಿ ಇದೆ ಸಾರ್."

"ಅಂದ್ರೆ ನೀರಿದ್ದ ಕಡೆ ಕಾಡು ಬೆಳೆಸಿದ್ದೀವಿ! ಸಾಮಾನ್ಯವಾ?"

ಸಮಿತಿಯಾಯಿತು. ಮೂರು ಸಭೆ, ಮೂರರಲ್ಲೂ ಬೋಂಡಾ, ದಪ್ಪ ಗಂಟಲಿನ ಮಾತು. ಕೊನೆಗೆ ನೂರಾ ಹದಿನಾಲ್ಕನ್ನು 'ತಲುಪಲಾಗದ ಬಿಂದು' ಎಂದು ಪಟ್ಟಿಯಿಂದ ಹೊಡೆದುಹಾಕಿದರು. "ನಾನು ತಲುಪಿದ್ದೆನಲ್ಲ" ಎಂದು ಅಕ್ಕ ಎದ್ದುನಿಂತರು. ಅದು ನಡಾವಳಿಯಲ್ಲಿ ಬರಲಿಲ್ಲ. ಅಕ್ಕ ನಕ್ಷೆಗೆ ಸಹಿ ಹಾಕಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸಿಕೊಂಡು ಹೊರಗೆ ಹೋದರು.

ಸಹಿ ಹಾಕಿದವನು ನಾನು.

ಹೌದು, ನಾನೇ. ಮೇಲಿನವರು ಹೇಳಿದರು, ಎದುರಾಡುವ ಎದೆಯಿರಲಿಲ್ಲ. ಆ ಕೆರೆಯನ್ನು ನಾನು ಹತ್ತು ಮೀಟರಿನ ಚೌಕಗಳಾಗಿ ಅಲ್ಲದೆ ಬೇರೆ ಥರ ಕಂಡೇ ಇರಲಿಲ್ಲ. ಅಕ್ಕ ಜಗಳವಾಡಲಿಲ್ಲ. ಆದರೆ ಫ್ಲಾಸ್ಕಿನ ಚಹಾವನ್ನು ದಿನಾ ಇಬ್ಬರಿಗೆ ಸುರಿಯುತ್ತಿದ್ದವರು ಮರುದಿನದಿಂದ ಒಂದೇ ಲೋಟಕ್ಕೆ ಸುರಿದರು.

ಕಾಡು ಬೆಳೆಸಿದ್ದಕ್ಕೆ ಪುರಸಭೆಗೆ ಪ್ರಶಸ್ತಿ ಫಲಕ ಬಂತು. ಕೆರೆಯ ದಡದಲ್ಲಿ 'ನಗರ ಅರಣ್ಯ. ಬೆಂಕಿ ಹಚ್ಚಬೇಡಿ' ಎಂಬ ಬೋರ್ಡು ನಿಂತಿತು. ಕಾವಲಿಗೆ ಒಬ್ಬ ಗಾರ್ಡು, ಗಾರ್ಡಿಗೊಂದು ಪ್ಲಾಸ್ಟಿಕ್ ಕುರ್ಚಿ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ದೋಣಿಯವಳು ಬಲೆ ಬಿಡಲು ಒಂದಿಷ್ಟು ಜಾಗ ಮಾಡಿಕೊಳ್ಳೋಣವೆಂದು ಕಳೆ ಕಿತ್ತು ದಡಕ್ಕೆ ಹಾಕಿದಳು. ಗಾರ್ಡು ಕುರ್ಚಿಯಿಂದೆದ್ದು, ಅರಣ್ಯದ ಹಸಿರು ನಾಶ ಮಾಡಿದ್ದಕ್ಕೆ ಅವಳ ದೋಣಿಯನ್ನು ಜಪ್ತಿ ಮಾಡಿದ. ವಿಚಾರಣೆಗೆ ಬಾ ಎಂದು ನೋಟಿಸು ಹೋಯಿತು.

ಅವಳು ನೋಟಿಸು ಹಿಡಿದು ನೇರ ನಮ್ಮ ಮೂರನೇ ಮಹಡಿಗೆ ಬಂದಳು. "ಅಮ್ಮಾ, ನೀವು ಅವತ್ತು ಬರ್ಕೊಂಡು ಹೋದ್ರಲ್ಲ. ಏನು ಬರೆದ್ರಿ?"

ಅಕ್ಕನ ಮುಖ ಕೆಂಪೇರಿತು. "ಸರಿಯಾಗೇ ಬರೆದೆ" ಅಂದರು. ಆಮೇಲೆ, "ಅದು ಸಾಕಾಗಲಿಲ್ಲ."

ಆ ವಾರ ಅಕ್ಕ ಹಳೆಯ ಚಿತ್ರಗಳ ಮುಂದೆ ಕೂತರು. ಕಂಪ್ಯೂಟರು ಅವರಿಗೆ ಅಷ್ಟಾಗಿ ಒಗ್ಗಿದ್ದಲ್ಲ. ಮೂರನೇ ದಿನ ನನ್ನ ಕಡೆ ತಿರುಗಿ, ತಿಂಗಳುಗಳ ನಂತರ ಮೊದಲ ಸಲ ಮಾತಾಡಿದರು: "ಕಳೆ ಅರ್ಧ ಕೆರೆ ತುಂಬಿದ್ದಾಗಿನ ಚಿತ್ರ ತೆಗೆದುಕೊಡ್ತೀರಾ? ಐದೈದು ದಿನದ್ದು, ಒಂದೂ ಬಿಡದೆ." ತೆಗೆದುಕೊಟ್ಟೆ. ಮುದ್ರಿಸಿಯೂ ಕೊಟ್ಟೆ. ಅದರಾಚೆಗೆ ಹೋಗುವ ಧೈರ್ಯ ಆಗಲೂ ಬರಲಿಲ್ಲ.

ವಿಚಾರಣೆಯ ದಿನ ಅಕ್ಕ ರಜೆ ಹಾಕಿ, ಗಂಡ ಇಸ್ತ್ರಿ ಮಾಡಿಕೊಟ್ಟ ಕೋಟು ತೊಟ್ಟು ಸಾಕ್ಷಿಯಾಗಿ ಹೋದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ವಿಚಾರಣಾಧಿಕಾರಿ ನೆಗಡಿಯಿಂದ ಬಳಲುತ್ತಿದ್ದ ಹೆಂಗಸು. ಬೇಗ ಮುಗಿಸಿ ಮನೆಗೆ ಹೋಗುವ ಆತುರದಲ್ಲಿದ್ದರು. ಅಕ್ಕ ಮೇಜಿನ ಮೇಲೆ ಏಳು ಚಿತ್ರ ಸಾಲಾಗಿ ಹರಡಿದರು.

"ಎರಡನೇ ತಾರೀಕು ಕಾಡು ಪೂರ್ವದ ದಡದಲ್ಲಿದೆ ಮೇಡಂ. ಏಳನೇ ತಾರೀಕು ಪಶ್ಚಿಮದ ದಡಕ್ಕೆ ಬಂದಿದೆ. ಹನ್ನೆರಡಕ್ಕೆ ವಾಪಸ್ ಹೋಗಿದೆ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟರು. "ಕಾಡು ಎಷ್ಟು ದೂರ ನಡೆದಿದೆ?"

"ಆರುನೂರು ಮೀಟರ್. ಆ ವಾರ ಗಾಳಿ ಜೋರಿತ್ತು."

ಅಧಿಕಾರಿ ಗಾರ್ಡಿನ ಕಡೆ ತಿರುಗಿ ಕೇಳಿದರು: "ನೀನು ಕಾಯ್ತಿದ್ದ ಕಾಡಿನಲ್ಲಿ ಮರ ಎಷ್ಟಿವೆ?"

"ಎಣಿಸಿಲ್ಲ ಮೇಡಂ" ಅಂದ ಗಾರ್ಡು ಗಂಭೀರವಾಗಿ. "ಆದ್ರೆ ಒಂದೂ ಕಳುವಾಗಿಲ್ಲ."

ದೋಣಿ ಬಿಡುಗಡೆಯಾಯಿತು. ಕಳೆ ಕೀಳಲು ಅಪ್ಪಣೆಯೂ ಸಿಕ್ಕಿತು. ಮೀನು ಹಿಡಿಯುವ ಮನೆಗಳವರೆಲ್ಲ ಸೇರಿ ಐದು ವಾರ ಸೊಂಟದುದ್ದ ನೀರಿನಲ್ಲೂ ದೋಣಿಗಳಲ್ಲೂ ನಿಂತು ಕಿತ್ತರು. ಮಧ್ಯದ ನೀರು ಮೊದಲು ತೆರೆದುಕೊಂಡಿತು. ಅಕ್ಕ ಭಾನುವಾರಗಳಂದು ಹೋಗಿ ಅವರ ಜೊತೆ ಕಳೆ ಎಳೆದರು ಎಂದು ದರ್ಜಿ ನನಗೆ ಹೇಳಿದ. ಕೋಟಿನ ಕೆಸರು ಹೋಗುವುದಿಲ್ಲವೆಂಬುದು ಅವನ ದೂರು.

ಮರುವರ್ಷದ ನಕ್ಷೆ ಬಂತು. ದಕ್ಷಿಣದಲ್ಲಿ ನೀಲಿ. ಪತ್ರಿಕೆಯಲ್ಲಿ ದಪ್ಪಕ್ಷರ: 'ಅರವತ್ತೆರಡು ಹೆಕ್ಟೇರ್ ಕಾಡು ಮಾಯ! ಮರಗಳ್ಳರು ಯಾರು?' ಮೇಲಿನಿಂದ ಕೆಂಡದಂಥ ಪತ್ರ ಬಂತು. ನಿರ್ದೇಶಕರು ತನಿಖೆಗೆ ಆದೇಶಿಸಿದರು. ಸ್ಥಳಕ್ಕೆ ಹೋಗಿ ಕಡಿದ ಮರಗಳ ಬುಡ ಎಣಿಸಿ ಬರಲು ಯಾರನ್ನು ಕಳಿಸುವುದು? ನೆಲಕ್ಕಿಳಿಯುವವರು ಒಬ್ಬರೇ.

ಅಕ್ಕ ದೋಣಿಯಲ್ಲಿ ಹೋಗಿ ಬಂದು ಬರೆದರು: ಬುಡಗಳ ಸಂಖ್ಯೆ ಸೊನ್ನೆ. ನೀರಿನ ಆಳ ಎರಡೂವರೆ ಮೀಟರ್.

ನಿರ್ದೇಶಕರು ಬಹಳ ಹೊತ್ತು ಯೋಚಿಸಿ ಅದರ ಕೆಳಗೆ ಷರಾ ಬರೆದರು: 'ಒಂದೂ ಬುಡ ಉಳಿಸದೆ ಬೇರುಸಮೇತ ಕಿತ್ತಿರುವುದು ಕಂಡುಬಂದಿದೆ.' ಅಷ್ಟರ ಮಟ್ಟಿಗೆ ಅದು ನಿಜವೇ. ಆ ಕಡತ ಮೇಲಕ್ಕೆ ಹೋಯಿತು, ಅದರ ಹಿಂದೆಯೇ ಅವರೂ ಬಡ್ತಿಯ ಮೇಲೆ ಹೋದರು.

ಹೊಸದಾಗಿ ಬಂದ ನಿರ್ದೇಶಕಿ ಹಳೆಯ ಫಾರಂಗಳನ್ನೆಲ್ಲ ತರಿಸಿ ಓದಿದರು. ನಮ್ಮ ಕಚೇರಿಯಲ್ಲಿ ಇದು ಹಿಂದೆ ನಡೆದದ್ದಿಲ್ಲ. ಕೊಳಚೆ ಪೈಪು ಈಗಲೂ ಅಲ್ಲೇ ಇದೆ, ಪುರಸಭೆಯ ಫಲಕವೂ ಗೋಡೆಯಲ್ಲೇ ಇದೆ, ಮೂಲೆಯಲ್ಲಿ ಕಳೆ ಮತ್ತೆ ತಲೆಯೆತ್ತಿದೆ. ಹಾಗಾಗಿ ನಕ್ಷೆಗೆ ಇನ್ನೊಂದು ಬಣ್ಣ, ನೇರಳೆ, ಸೇರಿಸುವುದೆಂದು ತೀರ್ಮಾನವಾಯಿತು. ಹೆಸರಿಡಲು ಸಮಿತಿ ಕೂತಿತು. ಅದನ್ನು ಕಣ್ಣಾರೆ ಕಂಡವರೆಂದು ಅಕ್ಕನನ್ನು ಕರೆದು ಕೇಳಿದರು.

"ಕಳೆ" ಅಂದರು ಅಕ್ಕ.

ನಾಲ್ಕು ಸಭೆಗಳ ನಂತರ 'ಜಲಾವೃತ ಪ್ಲವಮಾನ ಸಸ್ಯಾವರಣ' ಎಂದು ಇಟ್ಟರು. ಫಾರಂನಲ್ಲಿ ಅದನ್ನು ಬರೆಯುವ ಖಾನೆ ಹೆಬ್ಬೆರಳಿನಷ್ಟು ಅಗಲ. ಮೊನ್ನೆ ಅಕ್ಕ ತಂದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವಾಗ ನೋಡಿದೆ, ಎಲ್ಲ ಕಡೆ ಗುಂಡಗಿನ ಅಕ್ಷರದಲ್ಲಿ 'ಕಳೆ' ಎಂದೇ ಇದೆ. ನಾನು ತಿದ್ದಲಿಲ್ಲ.